ಬಾಯಿ ತೆರೆದ ಮೀನುಗಳು

ಶಿಷ್ಯೆಯೊಬ್ಬಳು ಗುರುಗಳನ್ನು ಕೇಳಿದಳು: “ನನ್ನ ತಂಗಿ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದಿದ್ದಾಳೆ. ನಾನು ಅವಳಿಗೆ ಹೇಳದ ಸಮಾಧಾನವಿಲ್ಲ. ಪುರಾಣ ಓದಿ ಹೇಳಿದೆ. ಅವಳಿಗಿಂತ ಹೆಚ್ಚು ನೊಂದವರ ಉದಾಹರಣೆ ಕೊಟ್ಟೆ. ಹೇಳಿದಷ್ಟೂ ಅವಳ ತಳಮಳ ಹೆಚ್ಚುತ್ತಿದೆ. ಈಗ ಮನೆ ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾಳೆ. ಹೋಗಲು ಅವಳಿಗೆ ಬೇರೆ ಮನೆಯಿಲ್ಲ. ನಾನು ಇನ್ನೇನು ಹೇಳಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗೃಹಿಣಿ ಇದ್ದಳು. ಬಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಮನೆಯಲ್ಲಿ ಊಟಕ್ಕೆ ಕುಳಿತವರು ‘ಸಾಕು’ ಎಂದರೆ ‘ಇನ್ನೊಂದು ಸೌಟು’ ಎಂದೇ ಅರ್ಥ. ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಅವಳು ತುಪ್ಪ ಸುರಿಯುತ್ತಿದ್ದಳು. ತನ್ನ ಮನೆಯಿಂದ ಯಾರೂ ಅರೆಹೊಟ್ಟೆಯಲ್ಲಿ ಹೋಗಿಲ್ಲ ಎಂಬುದು ಅವಳ ಹೆಮ್ಮೆ.

ಅವಳ ಮಗಳು ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕಿದ್ದಳು. ಮದುವೆಯಾಗಿ ಹೋಗುವಾಗ ಅವನ್ನು ತಾಯಿಗೆ ಒಪ್ಪಿಸಿದಳು. “ನಾನು ಹಬ್ಬಕ್ಕೆ ಬರುವವರೆಗೆ ಇವನ್ನು ಉಳಿಸಿಕೊಡಮ್ಮ” ಎಂದಳು. ಅವಳು ಕೇಳಿಕೊಂಡದ್ದು ಅದೊಂದನ್ನೇ.

ತಾಯಿ ದಿನವೂ ಮೀನುಗಳಿಗೆ ಕೈತುಂಬ ಆಹಾರ ಹಾಕಿದಳು. ಸ್ವಲ್ಪ ಕಾಲಕ್ಕೆ ನೀರಿನ ಮೇಲೆ ತೆಳುವಾದ ಪೊರೆ ಕಟ್ಟಿತು, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ‘ಅಯ್ಯೋ, ಹಸಿವು’ ಎಂದು ಅವಳು ಇನ್ನಷ್ಟು ಹಾಕಿದಳು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯಿತು. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಪೊರೆ ದಪ್ಪವಾಯಿತು. ಮೀನುಗಳು ಮತ್ತೂ ಬಾಯಿ ತೆರೆದವು. ಅವಳು ಮತ್ತೂ ಹಾಕಿದಳು.

“ಅದು ನೀರೋ, ಗಂಜಿಯೋ?” ಎಂದು ಗಂಡ ಕೇಳಿದ.

“ಹಸಿದವರನ್ನು ನೋಡಿ ನಗಬೇಡಿ” ಎಂದಳು.

ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬಿದಳು. ಮಾರನೆಯ ದಿನ ಅದೂ ಬೆಳ್ಳಗಾಯಿತು. ಒಂದು ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆಮೇಲೆ ಇನ್ನೊಂದು. ಹಬ್ಬ ಹತ್ತಿರವಾಗುತ್ತಿತ್ತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯಿಂದ ತೊಟ್ಟಿಗೆ ಹೋದಳು, ತೊಟ್ಟಿಯಿಂದ ಒಲೆಗೆ ಬಂದಳು. ಎಲ್ಲಿ ಬೆಕ್ಕು ನುಗ್ಗೀತೋ ಎಂದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದಳು.

ಹಬ್ಬಕ್ಕೆ ಮುಂಚೆ ಬೀಗರು, ಎಂದರೆ ಮಗಳ ಮಾವ, ಊಟಕ್ಕೆ ಬಂದರು. ಒಳಗೆ ಒಗ್ಗರಣೆಯ ಘಾಟು ತುಂಬಿತ್ತು. ಅವಳು ಹೋಳಿಗೆ ಬಡಿಸಿದಳು. ಅವರು ಕೈ ಅಡ್ಡ ಹಿಡಿದರು. ಮತ್ತೆ ಬಡಿಸಿದಳು. ಅವರ ಹಣೆಯಲ್ಲಿ ಬೆವರು ಇಳಿಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು.

“ಸಂಕೋಚ ಬೇಡ ಬೀಗರೇ. ನಿಮ್ಮ ಮನೆಯೇ ಅಂದುಕೊಳ್ಳಿ.”

ಬೀಗರು ಎಲೆ ಬಿಟ್ಟು ಎದ್ದರು. “ನಮ್ಮ ಮನೆಯೇ ಆಗಿದ್ದರೆ ಆಗಲೇ ಕಿಟಕಿ ತೆಗೆಯುತ್ತಿದ್ದೆ, ತಾಯೀ! ನಾನು ಬಾಯಿ ತೆರೆದದ್ದು ಹೋಳಿಗೆಗಲ್ಲ, ಉಸಿರಿಗೆ.”

ಅವಳು ಓಡಿಹೋಗಿ ಕಿಟಕಿ ತೆರೆದಳು. ಬೀಗರು ಅಲ್ಲಿ ನಿಂತು ಗಾಳಿ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಅವರ ಬಾಯಿ ಮುಚ್ಚಿತು. ಅವಳು ಅದನ್ನು ನೋಡಿದಳು. ತಿರುಗಿ ತೊಟ್ಟಿಯನ್ನು ನೋಡಿದಳು. ಪೊರೆಯ ಕೆಳಗೆ ಮೀನುಗಳು ಬಾಯಿ ತೆರೆದುಕೊಂಡಿದ್ದವು.

ಬೀಗರು ಹೊರಟ ಕೂಡಲೇ ಅವಳು ಒಂದು ಬಿಳಿ ಹಾಳೆಯನ್ನು ನೀರಿನ ಮೇಲೆ ಹಾಸಿ ಎತ್ತಿದಳು. ಜಿಡ್ಡು ಹಾಳೆಗೆ ಅಂಟಿಕೊಂಡು ಬಂತು. ಹಾಳೆ ಬದಲಿಸಿ, ಪೊರೆ ಪೂರ್ತಿ ಹೋಗುವವರೆಗೆ ಹಾಗೆಯೇ ಮಾಡಿದಳು. ತಳದ ಕೊಳೆಯನ್ನು ಕೊಳವೆಯಿಂದ ಹೊರಗೆಳೆದಳು. ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತರದಿಂದ ಸುರಿದಳು. ಮೇಲಿನ ನೀರು ಕಲಕಿ ಗಾಳಿ ಒಳಗೆ ಇಳಿಯಿತು.

ಆಮೇಲೆ ಏನೂ ಹಾಕದೆ ಕುಳಿತಳು. ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಕೈ ತಾನಾಗಿ ಆಹಾರದ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಮೀನುಗಳು ಬಾಯಿ ಮುಚ್ಚಿ ಕೆಳಗಿಳಿದವು.

ಮಗಳು ಬಂದಾಗ ನೀರು ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಸತ್ತ ಮೀನುಗಳು ಮರಳಿ ಬರಲಿಲ್ಲ. ಉಳಿದವು ಬದುಕಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: “ಹಾಗಾದರೆ ನಾನು ತಂಗಿಗೆ ಇನ್ನು ಏನೂ ಹೇಳಬಾರದೇ?”

ಗುರುಗಳು ಅವಳನ್ನೇ ನೋಡಿ ಕೇಳಿದರು: “ಗಂಡ ತೀರಿಕೊಂಡ ದಿನ ಏನಾಯಿತು ಎಂಬುದನ್ನು ಅವಳು ನಿನಗೆ ಪೂರ್ತಿ ಹೇಳಿದ್ದಾಳೆಯೇ?”