ಅಪ್ಪನ್ನ ಹುಡುಕೋಕೆ ವಿಡಿಯೋ ಹಾಕಿದ ಗವಿಯಪ್ಪ

ನಗೋದಿದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಕಷ್ಟ ಆಗುತ್ತೆ. ಅರಸೀಕೆರೇಲಿ ನಮ್ಮ ಬೀದೀಲೇ ದೊಡ್ಡತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಗವಿಯಪ್ಪ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೆಂಟು ಬಂತು, ಬುದ್ಧಿ ಇನ್ನೂ ದಾರೀಲಿದೆ. ನೀರಿನ ಟ್ಯಾಂಕರ್ ಬರೋವರೆಗೂ ಬಾಗಿಲಲ್ಲಿ ನಿಂತಿರು ಅಂದಿದ್ದಕ್ಕೆ, ಟ್ಯಾಂಕರ್ ಮೂರನೇ ದಿನ ಬಂತು, ಇವನೂ ಮೂರು ದಿನ ನಿಂತೇ ಇದ್ದ. "ಇವನನ್ನ ಕಟ್ಕೊಂಡು ಹೆಂಗಪ್ಪ ಬಾಳೋದು" ಅಂತ ಅವಳು ದಿನಾ ಹಣೆ ಬಡ್ಕೊಳೋಳು.

ಗವಿಯ ಅಪ್ಪ ಕರಿಸಿದ್ದಯ್ಯಂಗೆ ಮರೆವಿನ ಕಾಯಿಲೆ. ಒಂದು ಭಾನುವಾರ ಕ್ಷೌರಕ್ಕೆ ಅಂತ ಹೋದೋನು ಮನೆಗೆ ಬರಲೇ ಇಲ್ಲ. ಪೊಲೀಸರಿಗೆ ದೂರು ಕೊಟ್ಟಾಯ್ತು, ಕೆರೆ ಏರಿ ಮೇಲೆಲ್ಲ ಹುಡುಕಿದ್ದಾಯ್ತು. ಕೊನೆಗೆ ತಾಯಿ ಅಂದ್ಳು:

"ಊರೋರೆಲ್ಲ ಫೋನ್ ನೋಡ್ತಾ ಕೂತವ್ರೆ. ಅದ್ರಲ್ಲೇ ಹಾಕೋ. ಕಂಡೋರು ಯಾರಾದ್ರೂ ಹೇಳ್ತಾರೆ."

ಗವಿ ಮೊಬೈಲ್ ಅಂಗಡಿ ಯೋಗಣ್ಣನ ಹತ್ರ ಹೋದ. ಯೋಗಣ್ಣ ಬಿರಿಯಾನಿ ವಿಡಿಯೋ ಹಾಕಿ ಹೆಸರು ಮಾಡಿದೋನು. "ನೋಡು ಗವಿ, ಮುಖ್ಯವಾದ್ದನ್ನ ಮೊದಲೇ ತೋರಿಸಬಾರದು. ಕೊನೇಗಿಟ್ಕೋ. ಆಗ ಜನ ಕಾಯ್ತಾರೆ."

ಗವಿ ಹಂಗೇ ಮಾಡಿದ. ಒಂಬತ್ತು ನಿಮಿಷದ ವಿಡಿಯೋ. ಅಪ್ಪನ ಮಂಚ, ಅಪ್ಪನ ಲೋಟ, ಅಪ್ಪನ ಹಳೇ ಚಪ್ಪಲಿ. ಅಪ್ಪನ ಮುಖ ಕಟ್ಟಕಡೇಗೆ ಒಂದೇ ಒಂದು ಸೆಕೆಂಡು. ನೋಡಿದೋರು ಹನ್ನೊಂದು ಜನ. ಮುಖದವರೆಗೂ ಒಬ್ಬರೂ ಬರಲಿಲ್ಲ.

"ಕಳೆದಿರೋದು ಚಪ್ಪಲಿಯೇನೋ, ಮುಂಡೇದೆ?" ಅಂದ್ಳು ತಾಯಿ.

ಯೋಗಣ್ಣನೂ ಬೈದ. "ಮೊದಲನೇ ಚಿತ್ರ ಕಂಡ್ರೆ ನೋಡೋನ ಎದೆ ಧಸಕ್ ಅನ್ನಬೇಕು ಕಣೋ. ಹೆಬ್ಬೆರಳು ಅಲ್ಲೇ ನಿಲ್ಲಬೇಕು."

ಗವಿ ಹಂಗೇ ಮಾಡಿದ. ಅಪ್ಪನ ಫೋಟೋಗೆ ಚೆಂಡುಹೂವಿನ ಹಾರ ಹಾಕಿದ, ಮುಂದೆ ದೀಪ ಹಚ್ಚಿದ, "ನಮ್ಮಪ್ಪ ಇನ್ನಿಲ್ಲ" ಅಂತ ದಪ್ಪಕ್ಷರದಲ್ಲಿ ಬರೆದ. ಎದೆ ಧಸಕ್ ಅಂತು ನೋಡಿ, ನಲವತ್ತು ಸಾವಿರ ಜನಕ್ಕೆ. ಎಲ್ಲರೂ ಓಂ ಶಾಂತಿ ಅಂತ ಬರೆದು ಮುಂದಕ್ಕೆ ಹೋದ್ರು. ಸತ್ತೋನನ್ನ ಯಾರು ಹುಡುಕ್ತಾರೆ?

ಮಾರನೇ ದಿನ ಕಡೂರಿಂದ ನೆಂಟರು ಒಂದು ಟೆಂಪೋ ತುಂಬ ಅಳ್ತಾ ಬಂದಿಳಿದ್ರು. ಕರಿಸಿದ್ದಯ್ಯನ ಅಕ್ಕ ಒಳಗೆ ಬಂದೋಳೇ ದೊಡ್ಡತಾಯಮ್ಮನ ಬಳೆಗೆ ಕೈ ಹಾಕಿದ್ಳು.

"ಬಿಡಿ ಅತ್ತಿಗೆ, ಅವರು ಬದುಕವ್ರೆ."

"ನಿನ್ನ ಮಗನೇ ಹಾರ ಹಾಕವ್ನಲ್ಲವ್ವ. ಕೈ ಕೊಡು."

ಪಾಪ, ಅವಳು ಎರಡೂ ಕೈ ಸೆರಗಲ್ಲಿ ಸುತ್ಕೊಂಡು, ಟೆಂಪೋ ವಾಪಸ್ ಹೋಗೋವರೆಗೂ ಗೋಡೆಗೆ ಒರಗಿ ಕೂತಿದ್ಳು. ಆಮೇಲೆ ಮಗನ ಕಡೆ ತಿರುಗಿ, "ನಿಮ್ಮಪ್ಪನ್ನ ನೀನೇ ಕೊಂದ್ಯಲ್ಲೋ" ಅಂದ್ಳು.

ಯೋಗಣ್ಣ ಹಾರ ತೆಗೆಸಿ, 'ಕಾಣೆಯಾಗಿದ್ದಾರೆ' ಅಂತ ತಾನೇ ಬರೆದುಕೊಟ್ಟ. "ಇನ್ಮೇಲೆ ಯಾರು ಏನೇ ಬರೆದರೂ ಮಾತಾಡ್ಸು. ಮಾತು ನಿಂತ್ರೆ ಜನ ಹೋಗಿಬಿಡ್ತಾರೆ."

ಎರಡನೇ ದಿನಕ್ಕೇ ತಿಪಟೂರಿಂದ ಒಬ್ಬ ಹೆಂಗಸು ಬರೆದ್ಳು: "ಈ ಅಜ್ಜ ನಮ್ಮ ಅಂಗಡಿ ಮುಂದೆ ಕೂತಿದಾರೆ, ಬೇಗ ಬನ್ನಿ."

ಗವಿ ಮಾತು ನಿಲ್ಲಿಸ್ತಾನಾ? "ಊಟ ಆಯ್ತಾ ಅಕ್ಕ?" ಅಂದ. "ಎಷ್ಟು ಜನ ಮಕ್ಕಳು? ನಿಮ್ಮ ಕಡೆ ಮಳೆ ಹೆಂಗೆ?" ಅಂದ. ಮೂರು ದಿನ ಮಾತಾಡ್ಸಿದ. ಮೂರನೇ ದಿನ ಅವಳು, "ಅಜ್ಜ ಬೆಳಗ್ಗೆ ಎದ್ದು ಎತ್ಲಾಗೋ ಹೋದ್ರಪ್ಪ" ಅಂತ ಬರೆದು ಸುಮ್ಮನಾದ್ಳು.

ಅವತ್ತು ದೊಡ್ಡತಾಯಮ್ಮ ಒಲೆ ಹಚ್ಚಲಿಲ್ಲ. "ಇನ್ನೊಂದು ಸಲ ಯಾರಾದ್ರೂ ಹೇಳಿದ್ರೆ ಮಾತಾಡ್ಬೇಡ. ಎದ್ದು ಹೋಗು," ಅಂದ್ಳು ಅಷ್ಟೇ.

ಅಷ್ಟರಲ್ಲಿ ಎರಡು ಲಕ್ಷ ಜನ ನೋಡಿದ್ರು. ಯೋಗಣ್ಣ ಕಣ್ಣರಳಿಸಿದ. "ಕತೆ ಒಂದೇ ದಿನಕ್ಕೆ ಮುಗಿಸ್ಬೇಡ ಕಣೋ. ಮುಂದೇನಾಯ್ತು ಅನ್ನೋ ಹೊತ್ತಿಗೆ ಸರಿಯಾಗಿ ನಿಲ್ಲಿಸು. ನಾಳೆ ಮತ್ತೆ ಬರ್ತಾರೆ."

ಗುರುವಾರ ಬೆಳಗ್ಗೆ ಯಾರೋ ಫೋನ್ ಮಾಡಿದ್ರು, ಅಜ್ಜ ಬಾಣಾವರ ರೈಲ್ವೆ ಸ್ಟೇಷನ್ನಲ್ಲಿದಾರೆ ಅಂತ. ಗವಿ ಒಂದು ಮಾತೂ ಆಡದೆ ಎದ್ದು ಹೋದ. ಮಧ್ಯಾಹ್ನ ವಾಪಸ್ ಬಂದ. ಒಬ್ಬನೇ.

"ಸಿಕ್ಕಿದ್ರೇನೋ?"

"ಸಿಕ್ತು ಕಣವ್ವ. ಗಡ್ಡ ಬಂದದೆ. ನನ್ನ ಗುರುತೂ ಹಿಡೀತು, 'ಬಂದ್ಯಾ ಮಗ, ಮನೆಗೆ ಹೋಗಾನ' ಅಂತು."

"ಎಲ್ಲೋ ಮತ್ತೆ?"

"ಬೆಂಚಿನ ಮೇಲೆ ಕೂರ್ಸಿ ಬಂದಿದೀನಿ. ಅಲ್ಲಿಗೆ ನಿಲ್ಲಿಸ್ದೆ. ಇವತ್ತೇ ಕರ್ಕೊಂಬಂದ್ರೆ ನಾಳೆ ಯಾರವ್ವ ನೋಡ್ತಾರೆ?"

ದೊಡ್ಡತಾಯಮ್ಮ ಬೈಲಿಲ್ಲ, ಹಣೆನೂ ಬಡ್ಕೊಳಲಿಲ್ಲ. ಉಟ್ಟ ಸೀರೇಲೇ ಆಟೋ ಹತ್ತಿದ್ಳು, ಗವಿ ಹಿಂದೇನೇ ಹತ್ತಿದ. ಬಾಣಾವರ ಸ್ಟೇಷನ್ನಲ್ಲಿ ಬೆಂಚಿತ್ತು, ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕಡಲೆಕಾಯಿ ಮಾರೋ ಹೆಂಗಸು ಹೇಳಿದ್ಳು:

"ಆವಯ್ಯನಾ? ಈಗಿನ್ನೂ ರೈಲು ಹತ್ತಿದ್ರು ಕಣವ್ವ. ಯಾವ ಊರಿಗೆ ಅಂತ ಕೇಳ್ದೆ. 'ನನ್ನ ಮಗ ಇಲ್ಲೇ ಇದ್ದ, ಕಳೆದುಹೋದ, ಹುಡುಕ್ಬೇಕು' ಅಂದ್ರು."

ದೊಡ್ಡತಾಯಮ್ಮ ಕಂಬಿ ಹೋದ ಕಡೆ ನೋಡ್ತಾ ನಿಂತಳು. ಗವಿ ಅವಳ ಮುಖಕ್ಕೆ ಫೋನ್ ಹಿಡಿದ.

"ಅಳಬೇಡ ಕಣವ್ವ," ಅಂದ. "ನಾಡಿದ್ದಿಗೂ ಕತೆ ಆಯ್ತು."