ಬೆಲ್ಲದ ವ್ಯಾಪಾರಿಯ ಕಾರಿನ ಗಡಿಯಾರ

"ಗುರುಗಳೇ, ಹಳೆಯ ಮಠದಲ್ಲಿ ನಿಲ್ಲುತ್ತಿದ್ದ ನನ್ನ ಮನಸ್ಸು ಇಲ್ಲಿಗೆ ಬಂದ ಮೇಲೆ ಏಕೆ ನಿಲ್ಲುತ್ತಿಲ್ಲ?" ಎಂದು ಶಿಷ್ಯ ಕೇಳಿದ. "ಅಲ್ಲಿಯ ಸ್ವಾಮಿಗಳು ಎಲ್ಲವನ್ನೂ ಹಿಗ್ಗಿಸಿ ಹೇಳುವವರು. ನಾಲ್ಕು ಗಂಟೆ ಧ್ಯಾನಕ್ಕೆ ಕೂರಿ ಎಂದರೆ, ಒಂದು ಗಂಟೆ ಎಂದು ನಾವೇ ತಿಳಿದುಕೊಳ್ಳುತ್ತಿದ್ದೆವು. ತಾವು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೀರಿ. ಒಂದು ಗಂಟೆ ಕೂರು ಎನ್ನುತ್ತೀರಿ, ಅಷ್ಟೇ. ಆದರೂ ಫಲವಿಲ್ಲ. ಮನಸ್ಸಿಗೆ ಬೇಸರವಾಗಿದೆ. ಬೋಧನೆಯಲ್ಲೇ ಏನಾದರೂ ಕೊರತೆ ಇದೆಯೇ?"

ಗುರುಗಳು ಸಿಟ್ಟಾಗಲಿಲ್ಲ. ಕೇಳು ಎಂದು ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮಾರುತ್ತಿದ್ದುದು ಬೆಲ್ಲ, ಆದರೆ ನಾಲಿಗೆಗೆ ಅದನ್ನು ಸವರಿಕೊಂಡವನಲ್ಲ. ಅವನ ಬಳಿ ಒಂದು ಹಳೆಯ ಕಾರು. ಕಾರಿನ ಜೊತೆಗೇ ಬಂದ ರೇಡಿಯೊ ಅದರಲ್ಲಿತ್ತು. ರೇಡಿಯೊದಲ್ಲಿ ಒಂದು ಗಡಿಯಾರ. ಅದು ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತು. ಸರಿಮಾಡಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಒಂದು ಗುಂಡಿ ಎಂದೋ ಕಳಚಿಬಿದ್ದಿತ್ತು. ಹಾಗಾಗಿ ವ್ಯಾಪಾರಿ ಗಡಿಯಾರವನ್ನು ಬಿಟ್ಟು ತನ್ನನ್ನೇ ಸರಿಮಾಡಿಕೊಂಡ. ನೋಡಿದ ಕೂಡಲೇ ಇಪ್ಪತ್ತು ಕಳೆಯುತ್ತಿದ್ದ. ಅವನು ಯಾವ ಕೆಲಸಕ್ಕೂ ತಡವಾಗಿ ಹೋದವನಲ್ಲ.

ಮಗಳಿಗೆ ಗಂಡು ಗೊತ್ತಾಯಿತು. ತಾಂಬೂಲ ಬದಲಾಯಿಸಲು ಗಂಡಿನ ಮನೆಗೆ ಹೋಗಬೇಕು. ಗುಂಡಿ ಇಲ್ಲದ ರೇಡಿಯೊ ಬೀಗರ ಕಣ್ಣಿಗೆ ಬೀಳಬಾರದೆಂದು ವ್ಯಾಪಾರಿ ಅದನ್ನು ಕೀಳಿಸಿದ. ಆ ಜಾಗಕ್ಕೆ ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಪರದೆ ಹಾಕಿಸಿದ. ಅದು ಹಾಡುತ್ತಿತ್ತು, ದಾರಿ ಹೇಳುತ್ತಿತ್ತು, ಹಿಂದೆ ಬರುವ ನಾಯಿಯನ್ನೂ ತೋರಿಸುತ್ತಿತ್ತು.

"ಗಡಿಯಾರ ನೀವು ಮುಟ್ಟೋದೇ ಬೇಡ ಯಜಮಾನ್ರೇ," ಎಂದ ಪರದೆ ಕೂರಿಸಿದ ಮೆಕ್ಯಾನಿಕ್. "ಮೇಲಿರೋ ಉಪಗ್ರಹದಿಂದ ಅದೇ ಟೈಮ್ ತಗೊಳ್ಳುತ್ತೆ. ಒಂದು ನಿಮಿಷ ಆಚೀಚೆ ಆಗಲ್ಲ."

ವ್ಯಾಪಾರಿ ತಲೆಯಾಡಿಸಿದ. ಅವನು ಆಗ ಪರದೆಯಲ್ಲಿ ನಾಯಿಯನ್ನು ನೋಡುತ್ತಿದ್ದ.

ಗೊತ್ತಾದ ದಿನ ಭಾನುವಾರ. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ತಾಂಬೂಲ ಆಗಬೇಕೆಂದು ಗಂಡಿನ ಅಜ್ಜಿ ಹೇಳಿಕಳಿಸಿದ್ದಳು. ಇನ್ನು ಅರ್ಧ ಗಂಟೆಯ ದಾರಿ ಇರುವಾಗ ಒಂದು ಹೋಟೆಲು ಕಂಡಿತು. ಪರದೆಯಲ್ಲಿ ಮೂರೂಮುಕ್ಕಾಲು.

"ಇನ್ನೂ ಮೂರು ಇಪ್ಪತ್ತೈದು. ದೋಸೆ ತಿನ್ನೋಣ," ಎಂದು ವ್ಯಾಪಾರಿ ಕಾರು ನಿಲ್ಲಿಸಿದ.

"ರೀ, ಹೊಸದು ಸರಿಯಾಗಿ ತೋರಿಸುತ್ತಂತಲ್ಲ," ಎಂದಳು ಹೆಂಡತಿ.

"ನಮ್ಮ ಕಾರಿನ ಗಡಿಯಾರ ನನಗೆ ಗೊತ್ತಿಲ್ವೇನೇ?"

ಹಿಂದೆ ಕುಳಿತಿದ್ದ ಮಗಳು ಮೊಬೈಲು ತೋರಿಸಿದಳು. "ಅಪ್ಪಾ, ಇದ್ರಲ್ಲೂ ಮೂರೂಮುಕ್ಕಾಲೇ ಇದೆ."

"ಬೆಳಿಗ್ಗೆಯಿಂದ ಅದನ್ನ ಈ ಪರದೆಗೆ ಜೋಡಿಸಿ ಹಾಡು ಹಾಕಿದ್ದೀಯಲ್ಲ, ಅದಕ್ಕೂ ಇದರ ರೋಗ ಅಂಟಿದೆ," ಎಂದ ವ್ಯಾಪಾರಿ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದ ಮಾಡಿ ಗೆದ್ದವರುಂಟೇ? ದೋಸೆ ಬಂತು. ಚಟ್ನಿ ಚೆನ್ನಾಗಿದೆಯೆಂದು ಇನ್ನೊಂದು ದೋಸೆಯೂ ಬಂತು. ಗಂಡಿನ ಮನೆಯ ಮುಂದೆ ಕಾರು ನಿಂತಾಗ ಪರದೆಯಲ್ಲಿ ನಾಲ್ಕೂಮುಕ್ಕಾಲು.

"ನೋಡಿ, ಇನ್ನೂ ಐದು ನಿಮಿಷ ಇದೆ," ಎಂದು ವ್ಯಾಪಾರಿ ಹೆಮ್ಮೆಯಿಂದ ಇಳಿದ.

ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು. ಅವಳು ಗೋಡೆಯ ಗಡಿಯಾರದತ್ತ ಕೈ ತೋರಿಸಿದಳು. ಅದೂ ಮುಂದಿದೆ ಎನ್ನಲು ವ್ಯಾಪಾರಿ ಬಾಯಿ ತೆರೆದ. ಹೆಂಡತಿ ಬಲವಾಗಿ ಚಿವುಟಿದಳು.

"ನಿಮಗಿಂತ ಮೊದಲೇ ರಾಹು ಬಂದು ಕೂತ," ಎಂದಳು ಅಜ್ಜಿ. "ಕಾಫಿ ಕುಡಿದು ಹೋಗಿ. ಇನ್ನೊಂದು ದಿನ ನೋಡೋಣ. ಅವತ್ತೂ ಹೊತ್ತು ತಪ್ಪಿದರೆ ಈ ಸಂಬಂಧವೇ ಬೇಡ."

ಮಗಳಿಗೆ ಹುಡುಗ ತುಂಬ ಹಿಡಿಸಿದ್ದ. ಮನೆ ಮುಟ್ಟುವವರೆಗೂ ಅವಳು ಅಳುತ್ತಲೇ ಇದ್ದಳು. ವ್ಯಾಪಾರಿಗೂ ಕರುಳು ಚುರುಕ್ ಎಂದಿತು. ಬೆಳಗಾದ ಕೂಡಲೇ ಕಾರನ್ನು ಮೆಕ್ಯಾನಿಕ್ ಬಳಿಗೆ ಒಯ್ದು ಬಾಯಿಗೆ ಬಂದಂತೆ ಬೈದ.

"ಎಂಥ ಸುಳ್ಳು ಗಡಿಯಾರ ಕೂರಿಸಿದ್ದೀಯಪ್ಪ! ನನ್ನ ಮಗಳ ಮದುವೆ ಕೆಡ್ತಿತ್ತಲ್ಲ!"

ಮೆಕ್ಯಾನಿಕ್ ತನ್ನ ಮೊಬೈಲನ್ನು ಪರದೆಯ ಪಕ್ಕದಲ್ಲಿಟ್ಟು ನೋಡಿದ. "ಸರಿಯಾಗೇ ಇದೆಯಲ್ಲ ಯಜಮಾನ್ರೇ."

"ಇಪ್ಪತ್ತು ನಿಮಿಷ ಹಿಂದಿದೆ. ಮುಂದಕ್ಕೆ ತಿರುಗಿಸು."

"ಹಾಗೆ ಮಾಡಬೇಕಂದ್ರೆ ಉಪಗ್ರಹದ ಲೆಕ್ಕ ತಪ್ಪಿಸಬೇಕಾಗುತ್ತೆ."

"ತಪ್ಪಿಸು. ನನ್ನ ಮಗಳ ಮದುವೆ ಉಪಗ್ರಹ ಮಾಡಿಕೊಡುತ್ತಾ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಜೊತೆಗೆ ಬಂದಿದ್ದ ಹೆಂಡತಿ ಗೊಣಗಿದಳು. ಮೆಕ್ಯಾನಿಕ್ ಮಾತ್ರ ಗಿರಾಕಿ ಹೇಳಿದಂತೆ ಮಾಡಿದ. ಪರದೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದಕ್ಕೆ ಹೋಯಿತು. ಮುಂದಿನ ಸಲ ವ್ಯಾಪಾರಿ ಅದನ್ನು ನೋಡಿದ, ಇಪ್ಪತ್ತು ಕಳೆದ, ದೋಸೆ ತಿಂದ, ಆದರೂ ಹೊತ್ತಿಗೆ ಮುಂಚೆಯೇ ತಲುಪಿದ. ತಾಂಬೂಲವೂ ಆಯಿತು, ಮದುವೆಯೂ ಆಯಿತು. ಹೊಸದರಲ್ಲಿ ಒಂದು ದೋಷವಿತ್ತು, ನಾನೇ ನಿಂತು ಸರಿಮಾಡಿಸಿದೆ ಎಂದು ಅವನು ಇವತ್ತಿಗೂ ಎಲ್ಲರಿಗೂ ಹೇಳುತ್ತಾನೆ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮೂಢ, ಗುರುಗಳೇ! ತಾನು ಕಳೆಯುವುದನ್ನು ಬಿಟ್ಟಿದ್ದರೆ ಸಾಕಿತ್ತು. ಸರಿಯಾಗಿದ್ದ ಗಡಿಯಾರವನ್ನು ದೂರುವುದೇ?"

ಅವನ ನಗು ಮುಗಿಯುವವರೆಗೆ ಗುರುಗಳು ಕಾದರು. ಆಮೇಲೆ ಕೇಳಿದರು:

"ಒಂದು ಗಂಟೆ ಕೂರು ಎಂದು ನಾನು ಹೇಳಿದರೆ, ನೀನು ಎಷ್ಟು ಹೊತ್ತು ಕೂರುತ್ತೀಯಪ್ಪ?"

"ಕಾಲು ಗಂಟೆ, ಗುರುಗಳೇ," ಎಂದ ಶಿಷ್ಯ.