ಅರವತ್ತೆರಡು ಸಾವಿರ ಅತಿಥಿಗಳು

ಇದರಲ್ಲಿ ಒಂದೇ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯ ಎಡಭಾಗ ಬೋಳಿಸಿ ಊರೆಲ್ಲ ಮೆರವಣಿಗೆ ಮಾಡಿಸಿ. ಬಲಭಾಗ ಕೇಳಬೇಡಿ, ಅದನ್ನು ಬೇರೊಂದು ಕಥೆಗೆ ಆಗಲೇ ಒತ್ತೆ ಇಟ್ಟಾಗಿದೆ.

ಹೊಳೆಯಾಚೆ ಓಂಕಾರಯ್ಯನವರ ಆಶ್ರಮ. ಅಂಥ ಆಶ್ರಮ ಭೂಮಿಯ ಮೇಲೆ ಇನ್ನೊಂದಿಲ್ಲ. ಇದ್ದರೆ ನಾನು ನೋಡಿಲ್ಲ. ನೋಡಿದ್ದರೂ ಒಪ್ಪುವವನಲ್ಲ.

ಬಂದವರನ್ನು ‘ಹೋಗು’ ಅನ್ನುವಂತಿಲ್ಲ. ಇದು ಅಲ್ಲಿಯ ಪದ್ಧತಿ.

ಆಶ್ರಮದ ಇಮೇಲ್ ನೋಡಿಕೊಳ್ಳುತ್ತಿದ್ದವನು ಶಿಷ್ಯ ಭರಮಣ್ಣ. ಆ ಪದ್ಧತಿಯನ್ನು ಅವನು ಕಂಪ್ಯೂಟರಿನೊಳಕ್ಕೂ ತಂದಿದ್ದ. ಒಂಬತ್ತು ವರ್ಷದಲ್ಲಿ ಬಂದ ಒಂದು ಮೇಲನ್ನೂ ಅಳಿಸಿರಲಿಲ್ಲ. ಭಕ್ತರ ಕಾಗದ, ಸೀರೆ ಅಂಗಡಿಯ ಜಾಹೀರಾತು, ಗುಲಾಬಿ ಹೂವಿನ ಶುಭೋದಯ, ಎಲ್ಲವೂ ಅವನಿಗೆ ಅತಿಥಿಗಳೇ.

ಒಂದು ದಿನ ಬೆಳಿಗ್ಗೆ ಅವನು ಎದೆಯುಬ್ಬಿಸಿಕೊಂಡು ಬಂದ. ಗುರುಗಳು ಜಗಲಿಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

“ಅಯ್ಯನವರೇ, ಅರವತ್ತೆರಡು ಸಾವಿರದ ನಾನೂರ ಹದಿನೆಂಟು ಮೇಲ್! ಈ ಸೀಮೆಯಲ್ಲಿ ಯಾರ ಹತ್ತಿರ ಇದೆ ಇಷ್ಟು? ಜಾಗ ಪೂರ್ತಿ ತುಂಬಿದೆ ಅಂತ ಕೆಂಪು ಅಕ್ಷರದಲ್ಲಿ ಬರೆದು ತೋರಿಸುತ್ತಿದೆ. ನಮ್ಮದು ಹೌಸ್‌ಫುಲ್!”

“ಉತ್ತರ ಬರೆಯಬೇಕಾದ್ದಕ್ಕೆಲ್ಲ ಬರೆದಾಯಿತೇ?”

“ಒಂದನ್ನೂ ಉಳಿಸಿಲ್ಲ.”

“ಮತ್ತೆ ಅವೆಲ್ಲ ಇನ್ನೂ ಅಲ್ಲೇ ಯಾಕಿವೆ?”

“ಬಂದವರನ್ನು ಹೊರಗೆ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ!”

ಗುರುಗಳು ಏನೋ ಹೇಳುವಷ್ಟರಲ್ಲಿ ಭರಮಣ್ಣನ ಫೋನು ಹೊಡೆದುಕೊಂಡಿತು.

ಆ ಕಡೆ ರಾಚಯ್ಯ. ಓಂಕಾರಯ್ಯನವರ ಮೊದಲ ಶಿಷ್ಯ. ಹನ್ನೊಂದು ವರ್ಷದ ಹಿಂದೆ ಗುರುಗಳ ಜೊತೆ ಜಗಳವಾಡಿ ಹೊಳೆ ದಾಟಿ ಹೋದವನ ಸುದ್ದಿಯೇ ಮತ್ತೆ ಇರಲಿಲ್ಲ. ಅವನ ಚಾಪೆಯನ್ನು ಗುರುಗಳು ಈಗಲೂ ಬಿಸಿಲಿಗೆ ಹಾಕಿ ಕೊಡವಿ ಒಳಗಿಡುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

“ಭರಮಾ, ಅಯ್ಯನವರಿಗೆ ಹೇಳು. ಮೂರು ಸಲ ಮೇಲ್ ಮಾಡಿದೆ. ಮೂರು ಸಲವೂ ವಾಪಸ್ ಬಂತು. ನನ್ನ ಕಾಗದ ಬೇಡವಾಗಿದ್ದರೆ ಬೇಡ ಅಂದುಬಿಡಲಿ.”

“ಅಣ್ಣಾ, ಇಲ್ಲೇ ಇದ್ದಾರೆ, ಫೋನ್ ಕೊಡಲೇ?”

“ಬೇಡಪ್ಪ. ಬಾಯಿ ತೆರೆದರೆ ಮತ್ತೆ ಜಗಳ. ಅದಕ್ಕೇ ಬರೆದದ್ದು. ಸಂಜೆ ಐದಕ್ಕೆ ಕಡೇ ಸಲ ಕಳಿಸುತ್ತೇನೆ. ಅದೂ ತಿರುಗಿ ಬಂದರೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.”

ಫೋನಿನ ಮಾತು ಗುರುಗಳಿಗೂ ಕೇಳಿಸಿತ್ತು. ಅವರ ಬೆರಳಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು.

“ಜಾಗ ಮಾಡು,” ಅಂದರು. ಅಷ್ಟೇ.

ಭರಮಣ್ಣ ಓಡಿದ. ಜಾಗ ಮಾಡುವುದು ಅವನಿಗೆ ಯಾವ ಮಹಾ ಕೆಲಸ! ಒಂದು ಮೇಲ್ ತೆರೆದ. ಓದಿದ. ‘ನಿಮ್ಮ ಆಶ್ರಮದ ಸಾರಿನ ರುಚಿ ಮರೆಯಲಾರೆ’ ಎಂದಿತ್ತು. ಇದನ್ನು ಅಳಿಸುವುದುಂಟೇ? ಇನ್ನೊಂದು ತೆರೆದ. ‘ಭರಮಣ್ಣನವರ ಉತ್ತರ ಓದಿ ಕಣ್ಣು ತುಂಬಿತು.’ ಇದನ್ನಂತೂ ಎರಡು ಸಲ ಓದಿದ. ಸೀರೆ ಅಂಗಡಿಯವರು ‘ಪ್ರಿಯ ಗ್ರಾಹಕರೇ’ ಅಂದಿದ್ದರು. ಪ್ರಿಯ ಅಂದವರನ್ನು ಹೊರಗೆ ತಳ್ಳಲು ಮನಸ್ಸು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಏಳು ಮೇಲ್ ಅಳಿಸಿದ್ದ.

ಹೊಟ್ಟೆ ಚುರುಗುಟ್ಟಿತು. ಊಟದ ಮನೆಗೆ ಹೋದರೆ ಬಾಗಿಲಲ್ಲೇ ಜನ. ಎರಡನೇ ಪಂಕ್ತಿಯವರು ಬಿಸಿಲಲ್ಲಿ ನಿಂತಿದ್ದಾರೆ. ಒಳಗೆ ಮೊದಲನೇ ಪಂಕ್ತಿಯವರು ಉಂಡು, ಮಜ್ಜಿಗೆ ಕುಡಿದು, ಬರಿದಾದ ಎಲೆಯ ಮುಂದೆ ಆರಾಮಾಗಿ ಕೂತು ಹರಟುತ್ತಿದ್ದಾರೆ. ಒಬ್ಬನಂತೂ ಗೋಡೆಗೊರಗಿ ಗೊರಕೆ ಶುರುಮಾಡಿದ್ದ.

“ನೀಲವ್ವ, ಏನಿದು? ಇವರೇಕೆ ಏಳುತ್ತಿಲ್ಲ?”

ಅಡುಗೆಯ ನೀಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. “ನನ್ನನ್ನೇನು ಕೇಳುತ್ತೀ? ನಿನ್ನ ಗುರುಗಳ ಅಪ್ಪಣೆ. ಇವತ್ತು ಯಾರನ್ನೂ ಏಳಿಸಬಾರದಂತೆ.”

ಒಂದು ಮೂಲೆಯಲ್ಲಿ ಓಂಕಾರಯ್ಯನವರು ಕೂತಿದ್ದರು. ಅವರ ಮುಂದೆಯೂ ಉಂಡ ಎಲೆ.

“ಅಯ್ಯನವರೇ, ಹೊರಗೆ ಜನ ಹಸಿದು ನಿಂತಿದ್ದಾರೆ!”

“ಹೌದಲ್ಲ, ಪಾಪ.”

“ಇವರನ್ನು ಏಳಿಸಬಾರದೇ?”

“ಬಂದವರನ್ನು ಹೊರಗೆ ಹಾಕುವುದೇ? ಛೆ.”

“ಹೊರಗೆ ಹಾಕುವುದು ಯಾಕಾಗುತ್ತದೆ? ಅವರದು ಉಂಡಾಯಿತಲ್ಲ! ಉಂಡವರು ಏಳದಿದ್ದರೆ ಹಸಿದವರು ಎಲ್ಲಿ...”

ಭರಮಣ್ಣ ಕಂಪ್ಯೂಟರಿನ ಕೋಣೆಯ ಕಡೆ ತಿರುಗಿ ನೋಡಿದ.

ಗುರುಗಳು ಎಲೆ ಮಡಚಿ ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ಗೊರಕೆಯವನನ್ನು ಮಾತ್ರ ನೀಲವ್ವ ಏಳಿಸಬೇಕಾಯಿತು.

ಭರಮಣ್ಣ ಉಣ್ಣಲಿಲ್ಲ. ಕಂಪ್ಯೂಟರಿನ ಮುಂದೆ ಕೂತ. ಈಗ ಓದಲಿಲ್ಲ. ಭಾರವಾದ ವಿಡಿಯೋಗಳನ್ನು ಮೊದಲು ಎಬ್ಬಿಸಿದ. ಆಮೇಲೆ ಸೀರೆ ಅಂಗಡಿ. ಆಮೇಲೆ ಹದಿನಾಲ್ಕು ಸಾವಿರ ಗುಲಾಬಿ ಹೂ. ಕಡೆಗೆ ಅವನ ಉತ್ತರ ಓದಿ ಕಣ್ಣು ತುಂಬಿತು ಅಂದಿದ್ದ ಕಾಗದ. ಅದಕ್ಕೆ ಕೈಮುಗಿದು ಬೀಳ್ಕೊಟ್ಟ. ಅಂಥ ಬೀಳ್ಕೊಡುಗೆ ನಮ್ಮ ಮದುವಣಗಿತ್ತಿಯರಿಗೂ ಸಿಕ್ಕಿಲ್ಲ.

ನಾಲ್ಕೂ ಮುಕ್ಕಾಲು. ಆದರೂ ಪರದೆಯ ಮೇಲೆ ತುಂಬಿದ ಜಾಗ ತೋರಿಸುವ ಕೆಂಪು ಪಟ್ಟಿ ಒಂದಿಂಚೂ ಇಳಿದಿಲ್ಲ.

“ನೀಲವ್ವ, ಎಲ್ಲ ಅಳಿಸಿದರೂ ಜಾಗ ಆಗುತ್ತಿಲ್ಲವಲ್ಲೇ!” ಎಂದು ಅಳುವ ಹಾಗಾದ.

ಅವನಿಗೆಂದು ತಟ್ಟೆಯಲ್ಲಿ ಊಟ ತಂದಿದ್ದ ನೀಲವ್ವ ಪರದೆಯನ್ನು ಇಣುಕಿ ನೋಡಿದಳು. “ಆ ಮೂಲೆಯಲ್ಲಿ ಬುಟ್ಟಿಯ ಚಿತ್ರ ಇದೆಯಲ್ಲ, ಅದೇನು?”

“ಅಳಿಸಿದ್ದೆಲ್ಲ ಅದರಲ್ಲಿ ಹೋಗಿ ಕೂರುತ್ತದೆ. ಕಸದ ಬುಟ್ಟಿ.”

“ಬುಟ್ಟಿ ಮನೆಯೊಳಗೇ ಇಟ್ಟುಕೊಂಡು ಮನೆ ಗುಡಿಸಿದೆ ಅನ್ನುತ್ತೀಯಲ್ಲ ಮಹಾರಾಯ! ಹೋಗಿ ತಿಪ್ಪೆಗೆ ಸುರಿ!”

ಸುರಿದ. ಕೆಂಪು ಪಟ್ಟಿ ಸರ್‍ರನೆ ಇಳಿಯಿತು. ಅದೇ ಗಳಿಗೆಗೆ ಆಶ್ರಮದ ಗಂಟೆ ಯಾರೂ ಮುಟ್ಟದೆ ತಾನಾಗಿ ಮೂರು ಸಲ ಬಾರಿಸಿತು.

ಐದು ಗಂಟೆ. ಒಂದು ನಿಮಿಷ. ಎರಡು ನಿಮಿಷ. ಬಾಗಿಲ ಬಳಿ ಗುರುಗಳು ಬಂದು ನಿಂತದ್ದು ಭರಮಣ್ಣನಿಗೆ ಗೊತ್ತಾಗಲೇ ಇಲ್ಲ.

ಮೇಲ್ ಬಂತು.

“ಏನು ಬರೆದಿದ್ದಾನೆ?” ಗುರುಗಳ ದನಿ ಎಂದಿನಂತಿರಲಿಲ್ಲ.

“ಎರಡೇ ಮಾತು ಅಯ್ಯನವರೇ. ‘ನಾನು ಬರಲೇ?’ ಅಂತ.”

“ನಾವು ಒಂದೇ ಮಾತು ಬರೆಯೋಣ. ‘ಬಾ’ ಅನ್ನು.”

ಭರಮಣ್ಣ ಬರೆದು ಕಳಿಸಿದ.

ಇಲ್ಲಿ ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಗಂಟೆ ತಾನಾಗಿ ಬಾರಿಸಿತು ಅಂದೆನಲ್ಲ, ಅದು ನಾನು ಸೇರಿಸಿದ್ದು. ಇನ್ನುಳಿದ ಮಾತು ಮಾತ್ರ ಅಚ್ಚ ನಿಜ.

ಭರಮಣ್ಣನ ಎದೆ ಮತ್ತೆ ಉಬ್ಬಿತು. “ಅಯ್ಯನವರೇ, ಹನ್ನೊಂದು ವರ್ಷದ ಮೇಲೆ ಬಂದ ಕಾಗದ. ನಮ್ಮ ಆಶ್ರಮಕ್ಕೇ ಇದೊಂದು ಹೆಮ್ಮೆ. ಇದೊಂದನ್ನಾದರೂ ಇಟ್ಟುಕೊಳ್ಳಲೇ?”

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

“ಅವನ ದೋಣಿ ಈ ದಡ ಮುಟ್ಟುವ ತನಕ ಇಟ್ಟುಕೊ.”